ನಮ್ಮ ಪಿನ್‌ಕೋಡ್ 671121 ಅವಿಭಾಜ್ಯ ಸಂಖ್ಯೆಯಾ?

ಜೆರಾಕ್ಸ್ ಅಂಗಡಿ ಅಕ್ಕ, ಕಾಸರಗೋಡು:
ದಿನಕ್ಕೆ ಎಷ್ಟು ಅರ್ಜಿಯಲ್ಲಿ 671121 ಬರೆಯುತ್ತೇನೋ, ಲೆಕ್ಕವೇ ಇಲ್ಲ. ನಿನ್ನೆ ಕರೆಂಟ್ ಹೋಗಿ ಮಷಿನ್ ನಿಂತಿತ್ತು. ಏಳನೇ ಕ್ಲಾಸಿನ ಮಗಳು ಸುಮ್ನೆ ಕೂತವಳು, "ಅಮ್ಮ, ಇದು ಅವಿಭಾಜ್ಯವಾ?" ಅಂತ ಕೇಳಿದಳು. ಕೊನೆಗೆ 1 ಇದೆ, ನೋಡಿದರೆ ಹಾಗೇ ಕಾಣುತ್ತದೆ. ಅಂಕಿಗಳನ್ನು ಕೂಡಿಸಿದೆವು, 18 ಬಂತು. ಅಂದ ಮೇಲೆ 9ರಿಂದ ಭಾಗ ಹೋಗಲೇಬೇಕು ಅಲ್ವಾ. ಭಾಗಿಸಿದರೆ 74569. ಅಲ್ಲಿಗೆ ನಮ್ಮ ಬಂಡಿ ನಿಂತಿತು. ಮೊಬೈಲ್ ಮುಟ್ಟಬಾರದು ಅಂತ ಅವಳ ಹಠ. ಕೈಲೆಕ್ಕದಲ್ಲಿ ಮುಂದೆ ಹೋಗುವುದು ಹೇಗೆ?

ಲೆಕ್ಕದ ಮಾಷ್ಟ್ರು, ಕುಂಬಳೆ:
ಮೊದಲಿನ ಸಂಖ್ಯೆಗೇ ವಾಪಸ್ ಬನ್ನಿ ಅಕ್ಕ. ನಡುವೆ ತುಂಡು ಮಾಡಿ: 671, 121. ಒಂದರಿಂದ ಒಂದು ಕಳೆಯಿರಿ, 550. ಇದು 11ರಿಂದ ಭಾಗ ಹೋಗುತ್ತದೆ, 7 ಮತ್ತು 13ರಿಂದ ಹೋಗುವುದಿಲ್ಲ. ಇಡೀ ಸಂಖ್ಯೆಯ ಕತೆಯೂ ಅದೇ. ಯಾಕೆಂದರೆ 7×11×13 = 1001. ನಿಮ್ಮ 671121 ಅಂದರೆ 671×1001ರಲ್ಲಿ 550 ಕಡಿಮೆ, ಅಷ್ಟೇ. ಹಾಗಾಗಿ ಆ 550 ಒಂದನ್ನು ನೋಡಿದರೆ ಸಾಕು.

ನಮ್ಮ ಕುಂಬಳೆಯದ್ದು 671321. ಕಳೆದರೆ 350. ನಿಮಗೆ 11 ಸಿಕ್ಕಿದರೆ ನಮಗೆ 7!

ಈಗ 74569ನ್ನು 11ರಿಂದ ಭಾಗಿಸಿ, 6779. ಇದಕ್ಕೆ 79ರವರೆಗಿನ ಅವಿಭಾಜ್ಯಗಳನ್ನು ಹಾಕಿ ನೋಡಿದರೆ ಸಾಕು. ಮುಂದಿನದು 83, ಅದರ ವರ್ಗವೇ 6889 ಆಗಿಬಿಡುತ್ತದೆ. ಉತ್ತರ ನಾನು ಹೇಳುವುದಿಲ್ಲ, ಮಗಳೇ ಮಾಡಲಿ.

ಬದಿಯಡ್ಕದವ:
ಮಾಷ್ಟ್ರೇ, ನಮ್ಮದು 671551. ಕಳೆದರೆ 120. ಏಳೂ ಇಲ್ಲ, ಹನ್ನೊಂದೂ ಇಲ್ಲ, ಹದಿಮೂರೂ ಇಲ್ಲ. ನಮ್ಮದು ಅವಿಭಾಜ್ಯ ಅಂತ ಬೋರ್ಡು ಹಾಕಬಹುದಾ ಮಾರಾಯ್ರೇ?

ಲೆಕ್ಕದ ಮಾಷ್ಟ್ರು, ಕುಂಬಳೆ:
ಸ್ವಲ್ಪ ತಡೆಯಿರಿ. ಕೊನೆಯ 51 ನೋಡಿ, 17 ಮೂರ್ಲೆ. ಅದರ ಹಿಂದಿನ 6715 ಕೂಡ 17×395. ಬೋರ್ಡು ಇಳಿಸಿ.

ಜೆರಾಕ್ಸ್ ಅಂಗಡಿ ಅಕ್ಕ, ಕಾಸರಗೋಡು:
ರಾತ್ರಿ ಕೂತು ಮಾಡಿದಳು ಮಾಷ್ಟ್ರೇ. ಮಸಿ ಜಾಸ್ತಿಯಾಗಿ ಹಾಳಾದ ಎರಡು ಹಾಳೆಯ ಹಿಂಬದಿ ತುಂಬಿತು. 2ರಿಂದ 79ರವರೆಗೆ 22 ಅವಿಭಾಜ್ಯಗಳು. 6779 ಜಪ್ಪಯ್ಯ ಅಂದರೂ ಒಡೆಯಲಿಲ್ಲ. ಅಲ್ಲಿಗೆ 671121 = 3×3×11×6779. ಸರಿ ಇದೆಯಾ ಅಂತ ನೋಡಲು 99ರಿಂದ ಗುಣಿಸಬೇಕಿತ್ತು. ಇವಳು 677900ರಿಂದ 6779 ಕಳೆದು ಒಂದೇ ಗೆರೆಯಲ್ಲಿ ಮುಗಿಸಿದಳು. ಅದನ್ನು ನಾನು ಹೇಳಿಕೊಟ್ಟದ್ದಲ್ಲ!

ಆದರೆ ಒಂದು ಅನುಮಾನ. 37ರಿಂದ ಭಾಗಿಸಿದಾಗ ಶೇಷ 8, 61ರಿಂದ ಭಾಗಿಸಿದರೂ 8. ಎಲ್ಲೋ ತಪ್ಪಿದೆ ಅಂತ ಅಳಿಸಿ ಮತ್ತೆ ಮಾಡಿದಳು. ಮತ್ತೂ 8.

ಲೆಕ್ಕದ ಮಾಷ್ಟ್ರು, ಕುಂಬಳೆ:
ತಪ್ಪಿಲ್ಲ. 8 ತೆಗೆದರೆ 6771. ಅದು 3×37×61. ಇಬ್ಬರೂ ಅಲ್ಲೇ ಒಟ್ಟಿಗೆ ಕೂತಿದ್ದಾರೆ. ಆ ಹಾಳೆ ಬಿಸಾಡಬೇಡಿ, ಒಂದು ಫೋಟೋ ಹಾಕಿ.