‘ಅವಾಯುವಿಕ’ಕ್ಕೆ ಆಡುಮಾತಿನ ಪದ ಇದೆಯೇ?

ನಮಸ್ಕಾರ.

ದಾವಣಗೆರೆಯ ಪಶುವೈದ್ಯ ಗೆಳೆಯರೊಬ್ಬರಿಗಾಗಿ ನಾಯಿ, ಬೆಕ್ಕು ಸಾಕಿದವರು ಓದುವಂಥ ಒಂದು ಕರಪತ್ರ ಬರೆಯುತ್ತಿದ್ದೇನೆ. ವಿಷಯ ಕಚ್ಚಾಟದ ಗಾಯ. ‘ಅನೆರೋಬಿಕ್ ಬ್ಯಾಕ್ಟೀರಿಯಾ’ಕ್ಕೆ, ಅಂದರೆ ಆಮ್ಲಜನಕ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಕ್ಕೆ ಬಂದು ನಿಂತುಬಿಟ್ಟೆ.

ಶಾಲೆಯಲ್ಲಿ ಓದಿದ ‘ಅವಾಯುವಿಕ’ ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯದು. ‘ಗಾಳಿರಹಿತ ಬ್ಯಾಕ್ಟೀರಿಯಾ’ ಅಂದರೆ ಗಾಳಿ ತೆಗೆದ ಟ್ಯೂಬಿನ ನೆನಪಾಗುತ್ತದೆ. ‘ಗಾಳಿ ಸೋಕಿದರೆ ಸಾಯುವ’ ಎಂದು ಬರೆದೆ; ಅಮ್ಮ ಓದಿ, “ಗಾಳಿ ಸೋಕಿದ್ರೆ ತಾಯತ ಕಟ್ಟಿಸಬೇಕಲ್ಲೇನೋ?” ಅಂದರು. ಅದೂ ಹೋಯಿತು. ಇನ್ನು ‘ಧನುರ್ವಾಯು’ ನೋಡಿ: ಅದನ್ನು ತರುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯಲ್ಲಿ ಬೆಳೆಯುವುದೇ ಇಲ್ಲ, ಹೆಸರಲ್ಲಿ ಮಾತ್ರ ವಾಯು! ಅದು ವಾತ, ಪಿತ್ತದ ಲೆಕ್ಕದ ವಾಯು, ಇರಲಿ.

ಹೇಳಬೇಕಾದ್ದು ಇಷ್ಟು. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿಯುತ್ತದೆ, ತೂತು ಬೇಗ ಮುಚ್ಚಿಕೊಳ್ಳುತ್ತದೆ. ಬಾಯಲ್ಲೇ ವಾಸಿಸುವ ಫ್ಯೂಸೊಬ್ಯಾಕ್ಟೀರಿಯಂ, ಬ್ಯಾಕ್ಟೀರಾಯ್ಡಿಸ್‌ನಂಥ ಅನೆರೋಬಿಕ್ ಬ್ಯಾಕ್ಟೀರಿಯಾ ಗಾಳಿಯಾಡದ ಆ ತೂತಿನೊಳಗೆ ಉಳಿಯುತ್ತವೆ. ಮೇಲೆ ಮಾಯ್ದಂತೆ ಕಾಣುವ ಗಾಯ ನಾಲ್ಕಾರು ದಿನಕ್ಕೆ ಬಾತು, ಕೀವು ಕಟ್ಟಿ, ಒಡೆದಾಗ ಮೂಗು ಮುಚ್ಚುವಂಥ ನಾತ. ಬರೀ ಮಾತ್ರೆ ಸಾಲದು. ಕೊಯ್ದು ಕೀವು ಹರಿಸಿ, ಸತ್ತ ಮಾಂಸ ತೆಗೆದು ತೊಳೆಯಬೇಕು. ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಕ್ಲಿಂಡಮೈಸಿನ್, ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್ ಔಷಧಗಳು ಇದಕ್ಕೆ ನಾಟುತ್ತವೆ. ಜೆಂಟಾಮೈಸಿನ್ ನಾಟದು, ಅದು ಬ್ಯಾಕ್ಟೀರಿಯಾದೊಳಗೆ ಹೋಗಲು ಆಮ್ಲಜನಕವೇ ಬೇಕು. ಮೆಟ್ರೊನಿಡಜೋಲ್ ವಿಪರೀತ ಕಹಿ, ಬೆಕ್ಕು ಜೊಲ್ಲು ಸುರಿಸುತ್ತದೆ. ಪ್ರಮಾಣ ಮೀರಿದರೆ ತೂರಾಡುತ್ತದೆ. ಮನೆಯವರ ಮಾತ್ರೆ ಮುರಿದು ಕೊಡುವವರಿಗಾಗಿ ಈ ಸಾಲನ್ನು ದಪ್ಪಕ್ಷರದಲ್ಲಿ ಹಾಕಿಸುತ್ತಿದ್ದೇನೆ.

ಹಳ್ಳಿಯ ಹೆಸರುಗಳು ಬೇರೆ ದಾರಿ ಹಿಡಿದಿವೆ. ದನದ ‘ಚಪ್ಪೆ ರೋಗ’, ಚಳ್ಳಕೆರೆ ಕಡೆಯ ಕುರಿಗಾರರಿಗೆ ಗೊತ್ತಿರುವ ‘ಕರುಳುಬೇನೆ’ ಎರಡೂ ಇದೇ ಕ್ಲಾಸ್ಟ್ರಿಡಿಯಂ ಬಳಗದ ಕೆಲಸ. ಹೆಸರು ಮಾತ್ರ ಬೇನೆ ಕಾಣುವ ಜಾಗದ್ದು, ಜೀವಾಣುವಿನದಲ್ಲ. ಹಾಗಾಗಿ ನಾನೂ ಜೀವಾಣುವಿಗೆ ಹೆಸರು ಹುಡುಕುವುದು ಬಿಟ್ಟು ಗಾಯಕ್ಕೇ ‘ಮುಚ್ಚುಗಾಯ’ ಅಂದುಬಿಡಲೇ ಎಂದು ಯೋಚಿಸುತ್ತಿದ್ದೇನೆ. ಓದಿದವರು ಅದನ್ನು ‘ಒಳಪೆಟ್ಟು’ ಅಂದುಕೊಂಡಾರೇ? ಜೀವಾಣುವಿಗೆ ಹೆಸರು ಬೇಕೇಬೇಕೆಂದರೆ ‘ಗಾಳಿ ಒಲ್ಲದ’ ನಡೆದೀತೇ, ‘ಗಾಳಿಗಂಜುವ’ ವಾಸಿಯೇ? ಚಿತ್ರದುರ್ಗ ಸೀಮೆಯಲ್ಲಿ ಇಂಥ ಗಾಯಕ್ಕೆ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.