ಇವರಿಬ್ಬರೂ ಒಬ್ಬನೇ ವ್ಯಕ್ತಿ

ನಮ್ಮ ಕಾಲೇಜಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದ ಎಲ್ಲ ವ್ಯವಹಾರಕ್ಕೂ ಊರೇ ಹೆಸರು. ಶಿರಸಿ, ಕುಮಟಾ, ಜೋಯಿಡಾ, ಅಂಕೋಲಾ, ಮತ್ತು ಹೊನ್ನಾವರ ಎಂದು ಕರೆಸಿಕೊಳ್ಳುವ ನಾನು. "ಶಿರಸಿಗೆ ಜ್ವರ ಬಂದಿದೆ", "ಕುಮಟಾ ನನಗೆ ಇನ್ನೂರು ರೂಪಾಯಿ ಕೊಡಬೇಕು" ಎಂಬ ಮಾತು ಕಿವಿಗೆ ಬಿದ್ದವರು ಜಿಲ್ಲಾ ಪಂಚಾಯಿತಿ ಸಭೆ ನಡೆದಿದೆ ಎಂದುಕೊಂಡು ದೂರ ಸರಿಯುತ್ತಾರೆ.

ಕಳೆದ ಭಾನುವಾರ ಸಂಜೆ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಕುಮಟಾ ತನ್ನ ತಂಗಿಯನ್ನು ಕರೆದುಕೊಂಡು ಬಂದಿದ್ದ. ಹತ್ತನೆಯ ತರಗತಿಯ ಹುಡುಗಿ. "ಇವಳಿಗೆ ನಾಲ್ಕು ಬುದ್ಧಿಮಾತು ಹೇಳಿ ಕಳಿಸು ಎಂದು ಅಮ್ಮ ರೈಲು ಹತ್ತಿಸಿದ್ದಾಳೆ" ಎಂದ. ಬುದ್ಧಿಗಾಗಿ ಮಗಳನ್ನು ನಮ್ಮ ಬಳಿಗೆ ಕಳಿಸಿದ ಆ ತಾಯಿಯ ನಂಬಿಕೆ ದೊಡ್ಡದು. ತಂಗಿ ಬಂದದ್ದು ಮಾತ್ರ ಯುದ್ಧನೌಕೆ ನೋಡುವುದಕ್ಕೆ. ನೌಕಾಪಡೆಯಲ್ಲಿ ದುಡಿದು ಈಗ ಮರಳಿನ ಮೇಲೆ ನಿವೃತ್ತಿ ಜೀವನ ನಡೆಸುತ್ತಿರುವ ಆ ನೌಕೆಯನ್ನು ಹತ್ತೇ ನಿಮಿಷದಲ್ಲಿ ನೋಡಿ ಮುಗಿಸಿ, ಗೋಬಿ ಮಂಚೂರಿ ಗಾಡಿಯ ಎದುರು ನೆಲೆ ನಿಂತಳು. (2024ರಲ್ಲಿ ಸರ್ಕಾರ ಕೃತಕ ಬಣ್ಣ ನಿಷೇಧಿಸಿದ ಮೇಲೆ ಗೋಬಿ ಬಾಣಂತಿಯ ಹಾಗೆ ಬಿಳಿಚಿಕೊಂಡಿದೆ. ರುಚಿಯ ವಿಷಯದಲ್ಲಿ ನನ್ನ ದೂರಿಲ್ಲ.)

"ಮಗುವಿಗೆ ನೇರವಾಗಿ ಬುದ್ಧಿ ಹೇಳಿದರೆ ಕೇಳುವುದಿಲ್ಲ" ಎಂದಳು ಅಂಕೋಲಾ. ಅವಳು ಕಲಾ ವಿಭಾಗದವಳು. ಏನನ್ನಾದರೂ ಬರೆದಿಟ್ಟರೆ ಸರಿಹೋಗುತ್ತದೆ ಎಂಬ ಭ್ರಮೆ ಇನ್ನೂ ಇದೆ. "ಹತ್ತನೆಯಲ್ಲಿದ್ದ ನಮಗೆ ನಾವೇ ಒಂದು ಪತ್ರ ಬರೆಯೋಣ. ಇವಳು ಅದನ್ನು ಓದಿಕೊಳ್ಳಲಿ."

ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ಗುಮಾಸ್ತಿಕೆ ನನ್ನ ಪಾಲಿಗೆ ಬಂತು.

ಮೊದಲ ತಕರಾರು ಶಿರಸಿಯದು. "ಬುದ್ಧಿವಾದಕ್ಕೆ ಈ ಜಾಗವೇ ಪ್ರಶಸ್ತವಲ್ಲ ಮಾರಾಯರೆ. 1883ರಲ್ಲಿ ಇಲ್ಲಿಗೆ ಬಂದಾಗ ರವೀಂದ್ರನಾಥರಿಗೆ ಇಪ್ಪತ್ತೆರಡು ವರ್ಷ. ಶಾಲೆ ಎಂದರೆ ಆಗದ ಮನುಷ್ಯ. ಅಣ್ಣ ಸತ್ಯೇಂದ್ರನಾಥರು ಬ್ರಿಟಿಷರ ಕಾಲದ ಐಸಿಎಸ್ ಪರೀಕ್ಷೆ ಪಾಸಾದ ಮೊದಲ ಭಾರತೀಯ, ಇಲ್ಲಿ ಜಿಲ್ಲಾ ನ್ಯಾಯಾಧೀಶ. ತಮ್ಮ ರವೀಂದ್ರರು ಅಣ್ಣನ ಮನೆಯಲ್ಲಿ ಉಂಡು, ತೀರದಲ್ಲಿ ಅಡ್ಡಾಡಿ, ನಾಟಕ ಬರೆದರು. ಈಗ ಈ ತೀರಕ್ಕೆ ಯಾರ ಹೆಸರಿದೆ? ಅಣ್ಣನನ್ನು ನೋಡಿ ಕಲಿ ಎಂದು ಆ ತಮ್ಮನಿಗೂ ಮನೆಯಲ್ಲಿ ಹೇಳಿಯೇ ಇರುತ್ತಾರೆ."

"ಅಣ್ಣ ಸಂಬಳ ತಂದ ಕಾರಣಕ್ಕೆ ತಮ್ಮ ನಾಟಕ ಬರೆದ" ಎಂದ ಜೋಯಿಡಾ.

"ಹಾಗಾದರೆ ಮೊದಲ ಸಲಹೆ: ಐಸಿಎಸ್ ಪಾಸಾದ ಅಣ್ಣನನ್ನು ನೋಡಿಕೊಂಡು ಹುಟ್ಟು" ಎಂದು ಬರೆದುಕೊಂಡೆ. ತಂಗಿ ತನ್ನ ಅಣ್ಣನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಇನ್ನೊಂದು ತುಂಡು ಗೋಬಿ ಬಾಯಿಗಿಟ್ಟಳು.

ಶಿರಸಿಯ ಸ್ವಂತ ಸಲಹೆ ಅನುಭವದಿಂದ ಬಂದದ್ದು: ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತು ಜೀವನದ ನಿರ್ಧಾರ ಮಾಡಬೇಡ. ಅವನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರವೇ ನೆಂಟರ ಮನೆಯಲ್ಲಿ ಕೊರೊನಾ ಕಾಲದ ಸಣ್ಣ ಮದುವೆ. ಜನ ಕಡಿಮೆ, ಹಾಗಾಗಿ ತಪ್ಪಿಸಿಕೊಳ್ಳಲು ಗದ್ದಲವೂ ಇರಲಿಲ್ಲ. ಎದುರು ಪಂಕ್ತಿಯ ದೊಡ್ಡಪ್ಪ "ಮುಂದೆ ಸೈನ್ಸ್ ಅಲ್ಲವೋ ಮಾಣಿ?" ಎಂದು ಕೇಳಿದ ಗಳಿಗೆಯಲ್ಲೇ ಬಡಿಸುವವನು ಬಗ್ಗಿ "ಅಪ್ಪೆಹುಳಿ ಬೇಕೇ?" ಎಂದ. ಇವನು "ಹೂಂ" ಎಂದ. ಅಪ್ಪೆಹುಳಿಗೆ ಅಂದ ಹೂಂ ಅದು. ಆದರೆ ಪಂಕ್ತಿಯಲ್ಲಿದ್ದವರೆಲ್ಲ ತಲೆಯಾಡಿಸಿದರು. ಅಪ್ಪ ಮಜ್ಜಿಗೆ ಬರುವುದರೊಳಗೆ ಪಿಯು ಕಾಲೇಜನ್ನೂ ನಿಶ್ಚಯಿಸಿದ. ಎರಡು ವರ್ಷ ಭೌತಶಾಸ್ತ್ರದೊಡನೆ ಗುದ್ದಾಡಿ ಈಗ ಬಿ.ಕಾಂ.ನಲ್ಲಿ ನೆಮ್ಮದಿಯಾಗಿದ್ದಾನೆ. ಅಪ್ಪೆಹುಳಿ ಇವತ್ತಿಗೂ ಮುಟ್ಟುವುದಿಲ್ಲ.

ಜೋಯಿಡಾನ ಕಥೆ ಇದಕ್ಕಿಂತ ಕರುಣಾಜನಕ, ಆದ್ದರಿಂದ ನಾವು ಇನ್ನೂ ಹೆಚ್ಚು ನಕ್ಕೆವು. 2020ರ ಮಳೆಗಾಲದಲ್ಲಿ ಆನ್‌ಲೈನ್ ತರಗತಿಗಾಗಿ ಅವನು ದಿನವೂ ಗುಡ್ಡ ಹತ್ತುತ್ತಿದ್ದ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಮೊಬೈಲ್, ಕಾಲಿಗೆ ರಕ್ತ ಹೀರುವ ಉಂಬಳ. ಪೈಥಾಗೊರಸನ ಪ್ರಮೇಯದಲ್ಲಿ ಶಿಕ್ಷಕರು "ಆದ್ದರಿಂದ" ಎನ್ನುವಷ್ಟರಲ್ಲಿ ಸಂಪರ್ಕ ಕಡಿಯುತ್ತಿತ್ತು. ಕರ್ಣದ ಮೇಲಿನ ವರ್ಗಕ್ಕೆ ಕೊನೆಗೆ ಏನಾಯಿತು ಎಂಬುದು ಅವನಿಗೆ ತಿಳಿದದ್ದು ಪಿಯುಸಿಯಲ್ಲಿ. ಮನೆಯವರಿಗೆ ಮರುಕ ಹುಟ್ಟಿ, ನೆಟ್‌ವರ್ಕ್ ಚೆನ್ನಾಗಿದೆ ಎಂದು ದಾಂಡೇಲಿಯ ಸೋದರಮಾವನ ಮನೆಗೆ ಕಳಿಸಿ ಅಲ್ಲಿಯೇ ಶಾಲೆಗೆ ಹಾಕಿದರು. ಮಾವನೂ ಪ್ರೀತಿಯಿಂದ, ಇರಲಿ ಎಂದು, ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ.

"ಎರಡು ವರ್ಷ ಕಳೆದು ಸಿಇಟಿ ಅರ್ಜಿ ತುಂಬುವಾಗ ಗೊತ್ತಾಯಿತು" ಎಂದು ಜೋಯಿಡಾ ಬೆರಳು ಮಡಚಿದ. "ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15 ಗ್ರಾಮೀಣ ಮೀಸಲು. ನಾನು ಓದಿದ್ದು ಒಂಬತ್ತು ವರ್ಷ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಅದೂ ಒಂಬತ್ತೇ ವರ್ಷ. ಮಾವನ ಮನೆಯ ಒಂದು ವರ್ಷದ ಊಟಕ್ಕೆ ಎರಡು ಮೀಸಲಾತಿ ತೆತ್ತೆ."

"ಊಟ ಹೇಗಿತ್ತು?" ಎಂದು ಕೇಳಿದ ಶಿರಸಿ.

"ಚೆನ್ನಾಗಿತ್ತು. ಅದೇ ಸಂಕಟ, ಮಾವನನ್ನು ಬಯ್ಯುವುದಕ್ಕೂ ಆಗುವುದಿಲ್ಲ."

ನಾನು ಬರೆದುಕೊಂಡೆ: ಹತ್ತು ಮುಗಿಯುವವರೆಗೆ ಯಾರ ಪ್ರೀತಿಗೂ ಸಿಕ್ಕಿಬೀಳಬೇಡ.

ಕುಮಟಾ ತಂಗಿಯ ಎದುರಿಗೆ ತನ್ನ ತಪ್ಪು ಒಪ್ಪಿಕೊಳ್ಳುವವನಲ್ಲ. ಪಕ್ಕದ ಬೆಂಚಿನವನ ಕಥೆ ಹೇಳಿದ. ಹತ್ತು ಮುಗಿಸಿ ಪಾಲಿಟೆಕ್ನಿಕ್ ಸೇರಿದ ಆ ಹುಡುಗನನ್ನು ನೋಡಿ ಊರೆಲ್ಲ ಅಯ್ಯೋ ಪಾಪ ಎಂದಿತ್ತು. ಅವನು ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ನೇರ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಹೋಗಿ ಕುಳಿತಿದ್ದಾನೆ. ಪಾಪ ಎಂದವರಲ್ಲಿ ಕುಮಟಾ ಮೊದಲಿಗ ಎಂಬುದು ನಮಗೆಲ್ಲ ಗೊತ್ತು. ಯಾರೂ ಆಡಿ ತೋರಿಸಲಿಲ್ಲ.

"ನೀವೆಲ್ಲ ಬರೀ ಓದಿನ ಮಾತು ಆಡುತ್ತೀರಿ" ಎಂದು ಅಂಕೋಲಾ ರೇಗಿದಳು. "ನಾನಾದರೆ ಆ ಹುಡುಗಿಗೆ ಈಜು ಕಲಿ ಎನ್ನುತ್ತೇನೆ. ನಮ್ಮ ಮನೆಯಿಂದ ಕಡಲಿಗೆ ಇನ್ನೂರು ಹೆಜ್ಜೆ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಯಲಿ ಎಂದರು. ಪಿಯುಸಿ ಮುಗಿಯಲಿ ಎಂದರು. ಈಗ, ಮದುವೆಯಾಗಿ ಗಂಡನ ಮನೆಯಲ್ಲಿ ಏನು ಬೇಕಾದರೂ ಕಲಿ ಎನ್ನುತ್ತಾರೆ. ಗಂಡ ಕಡಲ ಕಡೆಯವನೇ ಸಿಗುತ್ತಾನೆ ಎಂದು ಯಾವ ಜೋಯಿಸರು ಬರೆದುಕೊಟ್ಟಿದ್ದಾರೆ?"

"ಘಟ್ಟದ ಮೇಲೂ ಕೆರೆಗಳಿವೆ" ಎಂದ ಶಿರಸಿ, ಬಹಳ ಮೆಲ್ಲಗೆ.

ಒಂದು ನಿಮಿಷ ಅಲೆಯ ಸದ್ದು ಮಾತ್ರ ಕೇಳಿಸಿತು. ನಾನು ಇದನ್ನು ಬರೆದುಕೊಳ್ಳಲಿಲ್ಲ. ಗುಮಾಸ್ತನಿಗೂ ಒಂದು ಧರ್ಮವಿದೆ.

ಆ ಮೌನ ಮುರಿಯುವುದಕ್ಕೆಂದೇ ನನ್ನ ಕಥೆ ಹೇಳಿದೆ. ಪರೀಕ್ಷೆಯ ನೋಂದಣಿಗಾಗಿ ತರಗತಿಗೆ ಹೆಸರಿನ ಪಟ್ಟಿ ಬಂದಿತ್ತು. "ನಿಮ್ಮ ನಿಮ್ಮ ಹೆಸರು, ತಂದೆ ತಾಯಿಯ ಹೆಸರು ಸರಿಯಾಗಿದೆಯೇ ನೋಡಿ ಸಹಿ ಹಾಕಿ" ಎಂದರು. ಸಿಕ್ಕಿದ್ದೇ ಅವಕಾಶ ಎಂದು ನಾನು ಇಡೀ ಪಟ್ಟಿ ಓದಿದೆ. ಇಪ್ಪತ್ತೆಂಟು ಮಂದಿಯ ಅಪ್ಪಂದಿರ ಹೆಸರು ಕಂಠಪಾಠವಾಯಿತು. ಮರುದಿನದಿಂದ ಎಲ್ಲರನ್ನೂ ಅಪ್ಪನ ಹೆಸರಿನಿಂದ ಕರೆದು ಛೇಡಿಸಬಹುದಲ್ಲ! ಓದದೆ ಬಿಟ್ಟದ್ದು ನನ್ನ ಹೆಸರೊಂದನ್ನೇ.

ಇಂಗ್ಲಿಷಿನಲ್ಲಿ ಹೆಗಡೆ ಎಂದು ಬರೆಯುವಾಗ 'ಜಿ' ಆದ ಮೇಲೆ 'ಎ' ಹಾಕಬೇಕೋ ಬೇಡವೋ ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಇಂದಿಗೂ ಉತ್ತರ ಸಿಕ್ಕಿಲ್ಲ; ಅಣ್ಣ ತಮ್ಮಂದಿರೇ ಬೇರೆ ಬೇರೆ ಬರೆಯುತ್ತಾರೆ. ನನ್ನ ಅಂಕಪಟ್ಟಿಯಲ್ಲಿ 'ಎ' ಇಲ್ಲ. ಆಧಾರಿನಲ್ಲಿ ಇದೆ. ಬ್ಯಾಂಕಿನವರು ಇನಿಷಿಯಲ್ಲನ್ನು ಬಿಡಿಸಿ ಅಪ್ಪನ ಹೆಸರನ್ನೇ ಮುಂದೆ ಕೂರಿಸಿ ಮೂರನೆಯವನನ್ನು ಸೃಷ್ಟಿಸಿದ್ದಾರೆ. ವಿದ್ಯಾರ್ಥಿವೇತನ ಮಂಜೂರಾದದ್ದು ಒಬ್ಬನಿಗೆ, ಖಾತೆ ಇದ್ದದ್ದು ಇನ್ನೊಬ್ಬನಿಗೆ, ಕಚೇರಿಯಿಂದ ಕಚೇರಿಗೆ ಅಲೆದದ್ದು ಮೂವರೂ ಸೇರಿ. ಕೊನೆಗೆ ನೋಟರಿಯ ಮುಂದೆ ಅಫಿಡವಿಟ್: "ಮೇಲ್ಕಂಡ ಇವರಿಬ್ಬರೂ ಒಬ್ಬನೇ ವ್ಯಕ್ತಿ." ಶಂಕರಾಚಾರ್ಯರು ಭಾಷ್ಯದ ಮೇಲೆ ಭಾಷ್ಯ ಬರೆದು ಸಾಧಿಸಿದ ಅದ್ವೈತವನ್ನು ಆತ ಐದು ನಿಮಿಷದಲ್ಲಿ ಮುದ್ರೆ ಒತ್ತಿ ಕೊಟ್ಟ. ಮೂರನೆಯವನಿಗೆ ಬೇರೆ ಅಫಿಡವಿಟ್ ಬೇಕಾಯಿತು.

"ಹತ್ತನೆಯ ತರಗತಿಯಲ್ಲಿ ನನಗೆ ಸಾವಿರ ಜನ ಬುದ್ಧಿ ಹೇಳಿದರು" ಎಂದೆ. "ಬೆಳಗಿನ ನಾಲ್ಕಕ್ಕೆ ಏಳು, ಬ್ರಾಹ್ಮಿ ತಿನ್ನು, ಮೊಬೈಲ್ ಬಿಡು. ನಿನ್ನ ಹೆಸರನ್ನು ಒಮ್ಮೆ ಓದಿಕೋ ಎಂದು ಬಿಡಿಸಿ ಹೇಳಿದವರು ಒಬ್ಬರೂ ಇಲ್ಲ."

"ಹೇಳಿದ್ದರಲ್ಲ" ಎಂದಳು ತಂಗಿ. ಅಷ್ಟು ಹೊತ್ತಿನಲ್ಲಿ ಅವಳು ಬಾಯಿ ಬಿಟ್ಟು ಆಡಿದ ಮೊದಲ ಮಾತು. "ನೋಡಿ ಸಹಿ ಹಾಕಿ ಎಂದು ಶಾಲೆಯಲ್ಲಿ ಹೇಳಿದ್ದರು ಎಂದು ಈಗಷ್ಟೇ ನೀವೇ ಹೇಳಿದಿರಿ."

ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ.

"ಅದು ಹೋಗಲಿ. ನೀವೆಲ್ಲ ಎಸ್ಸೆಸ್ಸೆಲ್ಸಿ ಬರೆದದ್ದು ಎಷ್ಟು ದಿನ?"

ಐವರೂ ಸಮುದ್ರ ನೋಡಿದೆವು. ನಮ್ಮದು 2021ರ ತಂಡ. ಜುಲೈ 19ಕ್ಕೆ ಗಣಿತ, ವಿಜ್ಞಾನ, ಸಮಾಜ. 22ಕ್ಕೆ ಮೂರು ಭಾಷೆ. ಒಟ್ಟು ಎರಡು ದಿನ. ವಿಷಯಕ್ಕೆ ನಲವತ್ತು ಪ್ರಶ್ನೆ, ನಾಲ್ಕು ವೃತ್ತಗಳಲ್ಲಿ ಒಂದನ್ನು ಕಪ್ಪು ಮಾಡುವ ಕೆಲಸ. ರಾಜ್ಯದಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾಸು.

"ನಾವು ಪುಟಗಟ್ಟಲೆ ಬರೆಯಬೇಕು" ಎಂದು ಗೋಬಿಯ ಕಡ್ಡಿಯನ್ನು ನಮ್ಮತ್ತ ತೋರಿಸಿದಳು.

"ನಿಮಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆಯಲ್ಲ, ಯಾವುದರಲ್ಲಿ ಹೆಚ್ಚು ಬಂತೋ ಅದನ್ನು ಇಟ್ಟುಕೊಳ್ಳಬಹುದು" ಎಂದು ಕುಮಟಾ ಅಣ್ಣತನ ಉಳಿಸಿಕೊಳ್ಳಲು ನೋಡಿದ.

"ಅಮ್ಮನ ಹತ್ತಿರ ಅದನ್ನು ಬಂದು ಹೇಳು ನೋಡೋಣ" ಎಂದಳು. ಅವನು ಸುಮ್ಮನಾದ.

ರೈಲಿಗೆ ಹೊತ್ತಾಗಿತ್ತು. ಅಂಕೋಲಾ ಕಾಗದ ಮಡಚುವ ಮೊದಲು, "ಸಹಿ ಇಲ್ಲದ ಪತ್ರಕ್ಕೆ ಬೆಲೆಯಿಲ್ಲ, ಎಲ್ಲರ ಪರವಾಗಿ ನೀನೇ ಹಾಕು" ಎಂದಳು. ನಾನು ತಡೆದೆ. "ಇದನ್ನು ಬರೆದವನು ನಾನೇ ಎಂದು ಹತ್ತನೆಯ ತರಗತಿಯ ಆ ಹುಡುಗ ನಂಬುವುದಾದರೂ ಹೇಗೆ?"

"ಅಫಿಡವಿಟ್ ಇದೆಯಲ್ಲ" ಎಂದಳು ತಂಗಿ.

ಸಹಿ ಹಾಕಿ ಕೊಟ್ಟೆ. ಇಂಗ್ಲಿಷಿನಲ್ಲಿ, ಪೂರ್ತಿ ಹೆಸರು, ಒತ್ತಿ ಬರೆದೆ. ರೈಲು ಹೊರಟು ಹೋದ ಮೇಲೆ ನೆನಪಾಯಿತು: 'ಜಿ' ಆದ ಮೇಲೆ 'ಎ' ಹಾಕಿದ್ದೆ.