ಮೊದಲ ಸಲ ದೊಡ್ಡ ಪ್ರತಿಭಟನೆಗೆ ಹೊರಟಿದ್ದೇನೆ, ತಯಾರಿ ಹೇಗಿರಬೇಕು?

ಸಾವಿರಾರು ಜನ ಸೇರುವ ಪ್ರತಿಭಟನೆ. ಮೊದಲು ಮೆರವಣಿಗೆ, ಆಮೇಲೆ ಮೈದಾನದಲ್ಲಿ ಸಭೆ. ಜೊತೆಗೆ ಒಬ್ಬಳು ಗೆಳತಿ ಬರ್ತಾಳೆ, ಇಬ್ಬರಿಗೂ ಹೊಸದು. ಅಶ್ರುವಾಯು ಅಂದರೆ ಭಯ. ಈಜುವಾಗ ಹಾಕುವ ಕನ್ನಡಕ ಕೊಂಡರೆ ಉಪಯೋಗವಾ? ಏನು ಒಯ್ಯಬೇಕು, ಏನು ಬಿಡಬೇಕು? ಗೊತ್ತಿದ್ದವರು ಹೇಳಿ.

*

ಕನ್ನಡಕ ಆಮೇಲೆ, ಮೊದಲು ಕಾಲು ನೋಡಿಕೊಳ್ಳಿ. ಬೆರಳು ಮುಚ್ಚುವ, ಹಾಕಿ ಹಾಕಿ ಪಳಗಿದ ಶೂ ಇರಲಿ, ಲೇಸಿಗೆ ಎರಡು ಗಂಟು. ಚಪ್ಪಲಿಯಾದರೆ ಹಿಂದಿನವರ ಕಾಲಿಗೆ ಸಿಕ್ಕಿ ಕಳಚುತ್ತೆ, ಅದನ್ನು ಹುಡುಕಲು ಬಗ್ಗುವುದೇ ಅಪಾಯ. ತುಂಬು ತೋಳಿನ ಹತ್ತಿ ಬಟ್ಟೆ ಸಾಕು. ಇಳಿಬಿಟ್ಟ ಶಾಲು, ಉದ್ದ ಸರ, ಕೊರಳಲ್ಲಿ ನೇತಾಡುವ ಐಡಿ ಕಾರ್ಡ್ ದಾರ ಬೇಡವೇ ಬೇಡ, ಎಳೆದಾಟದಲ್ಲಿ ಕುತ್ತಿಗೆಗೆ ಬಿಗಿಯುತ್ತೆ.

ಒಬ್ಬೊಬ್ಬರಿಗೆ ಕನಿಷ್ಠ ಒಂದು ಲೀಟರ್ ನೀರು, ಪ್ಲಾಸ್ಟಿಕ್ ಬಾಟಲಿಯಲ್ಲಿ. ಶೌಚಾಲಯ ಸಿಗಲ್ಲ ಅಂತ ಬೆಳಗಿನಿಂದ ನೀರೇ ಕುಡಿಯದವರು ಮಧ್ಯಾಹ್ನದ ಬಿಸಿಲಿಗೆ ತಲೆ ಸುತ್ತಿ ಬೀಳ್ತಾರೆ. ಗುರುತಿನ ಚೀಟಿ, ಸ್ವಲ್ಪ ನಗದು, ದಿನದ ಮಾತ್ರೆ, ಆಸ್ತಮಾ ಇದ್ದರೆ ಇನ್ಹೇಲರ್: ಇವು ಬ್ಯಾಗಿನಲ್ಲಿ ಬೇಡ, ಜೇಬಿನಲ್ಲಿರಲಿ. ಬ್ಯಾಗು ಕೈಬಿಟ್ಟು ಹೋಗಬಹುದು. ಗಾಜಿನ ಬಾಟಲಿ, ಲೈಟರ್, ಹಣ್ಣು ಕೊಯ್ಯುವ ಚಾಕು ಮನೆಯಲ್ಲೇ ಇರಲಿ. ತಪಾಸಣೆಯಲ್ಲಿ ಸಿಕ್ಕರೆ ನಿಮ್ಮ ಸಮಜಾಯಿಷಿ ಕೇಳುವ ಪುರುಸೊತ್ತು ಅಲ್ಲಿ ಯಾರಿಗೂ ಇರಲ್ಲ.

*

ಎಲ್ಲರೂ ಅಶ್ರುವಾಯು ಬಗ್ಗೆ ಕೇಳ್ತಾರೆ, ನೂಕುನುಗ್ಗಲ ಬಗ್ಗೆ ಕೇಳುವವರೇ ಕಡಿಮೆ. ನನ್ನ ಪ್ರಕಾರ ಮೊದಲು ಹೆದರಬೇಕಾದ್ದು ಅದಕ್ಕೇ. ಅದರಲ್ಲಿ ಸಾಯುವವರಲ್ಲಿ ಹೆಚ್ಚಿನವರು ತುಳಿತದಿಂದಲ್ಲ, ಎದೆ ಹಿಗ್ಗಲು ಜಾಗವಿಲ್ಲದೆ ಉಸಿರುಗಟ್ಟಿ ಸಾಯ್ತಾರೆ, ಎಷ್ಟೋ ಸಲ ನಿಂತ ನಿಲುವಿನಲ್ಲೇ.

ಒಂದು ಚದರ ಮೀಟರಿನಲ್ಲಿ 2-3 ಜನ ಇದ್ದರೆ ಆರಾಮ. 5 ಆದರೆ ಹೊರಡುವ ಹೊತ್ತು. 6-7 ಆದಮೇಲೆ ನಿಮ್ಮ ಕಾಲು ನಿಮ್ಮ ಮಾತು ಕೇಳಲ್ಲ, ಗುಂಪು ನೀರಿನಂತೆ ಅಲೆಯೆದ್ದು ಎಲ್ಲರನ್ನೂ ಒಯ್ಯುತ್ತೆ. ಎಣಿಸುತ್ತಾ ಕೂರಬೇಕಿಲ್ಲ. ಎರಡೂ ಭುಜಕ್ಕೆ ಜನ ತಾಗುತ್ತಿದ್ದು, ಮುಖ ಒರೆಸಿಕೊಳ್ಳಲು ಕೈ ಎತ್ತುವುದೇ ಕಷ್ಟವಾದರೆ ಇನ್ನು ಕಾಯಬೇಡಿ, ಅಂಚಿಗೆ ಸರಿಯಿರಿ. ಗೇಟು, ರಸ್ತೆ ಕಿರಿದಾಗುವ ಜಾಗ, ಮೆಟ್ಟಿಲು, ವೇದಿಕೆ ಮುಂದಿನ ಬ್ಯಾರಿಕೇಡ್, ಇವೇ ಕೆಟ್ಟ ಜಾಗಗಳು. ಮುಂದೆ ಏನಾಗ್ತಿದೆ ಅಂತ ಹಿಂದಿನವರಿಗೆ ಕಾಣಲ್ಲ, ಹಾಗಾಗಿ ಒತ್ತುತ್ತಲೇ ಇರ್ತಾರೆ.

ಸಿಕ್ಕಿಬಿದ್ದರೆ ಎರಡೂ ಮುಷ್ಟಿ ಎದೆಯ ಮುಂದೆ ತನ್ನಿ, ಮೊಣಕೈ ತುಸು ಹೊರಗೆ, ಉಸಿರಾಡಲು ಒಂದು ಗೇಣು ಜಾಗ ಉಳಿಯಬೇಕು. ಒಂದು ಕಾಲು ಮುಂದೆ, ಒಂದು ಹಿಂದೆ. ಒತ್ತಡಕ್ಕೆ ಎದುರು ತಳ್ಳಬೇಡಿ. ಅಲೆ ತುಸು ನಿಂತಾಗ ಓರೆಯಾಗಿ ಅಂಚಿನ ಕಡೆ ಹೆಜ್ಜೆ ಹಾಕಿ. ಗೋಡೆಗೆ, ಬ್ಯಾರಿಕೇಡಿಗೆ ಒರಗಬೇಡಿ. ಕಿರುಚಿದರೆ ಉಸಿರು ದಂಡ. ಫೋನ್ ಬಿದ್ದರೆ ಹೋಯಿತು ಅಂತ ಬಿಡಿ. ನೀವೇ ಬಿದ್ದರೆ ಪಕ್ಕದವರ ಬಟ್ಟೆ ಹಿಡಿದಾದರೂ ಏಳಿ; ಆಗದಿದ್ದರೆ ಮಗ್ಗುಲಾಗಿ ಮುದುಡಿ, ತಲೆಗೆ ಕೈ ಅಡ್ಡ ಕೊಡಿ. ಅಂಗಾತ, ಬೋರಲು ಎರಡೂ ಬೇಡ, ಎದೆಯ ಮೇಲೇ ಭಾರ ಬೀಳುತ್ತೆ.

*

ಕನ್ನಡಕದ ಪ್ರಶ್ನೆಗೆ: ಗಾಳಿಯಾಡದ ಕನ್ನಡಕ ತಡೆಯುತ್ತೆ ನಿಜ, ಆದರೆ ಬೆವರಿಗೆ ಮಂಜು ಕಟ್ಟಿ ದಾರಿ ಕಾಣದಾಗುತ್ತೆ, ಕೆಲವು ಕಡೆ ತಪಾಸಣೆ ಮಾಡುವವರಿಗೆ ಅನುಮಾನವೂ ಬರುತ್ತೆ. ಅದಕ್ಕಿಂತ ಮುಖ್ಯ, ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಹೋಗಬೇಡಿ, ಮುಖಕ್ಕೆ ಎಣ್ಣೆಯಂಶದ ಕ್ರೀಮು ಹಚ್ಚಬೇಡಿ. ಅಶ್ರುವಾಯು ಅಂದರೆ ಹೊಗೆಯಂತೆ ಹರಡುವ ಸಣ್ಣ ಪುಡಿ. ಲೆನ್ಸಿನಡಿಯಲ್ಲೂ ಕ್ರೀಮಿನಲ್ಲೂ ಅದು ಕೂತುಬಿಡುತ್ತೆ.

ಸಿಡಿದರೆ ಗಾಳಿ ಬರುವ ದಿಕ್ಕಿಗೆ, ಸಾಧ್ಯವಾದರೆ ಎತ್ತರದ ಕಡೆಗೆ ನಡೆಯಿರಿ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತೆ. ಕಣ್ಣು ಉಜ್ಜಬೇಡಿ. ತಲೆ ಓರೆ ಮಾಡಿ, ಮೂಗಿನ ಪಕ್ಕದಿಂದ ಕಿವಿಯ ಕಡೆಗೆ ಬರೀ ನೀರು ಹರಿಸಿ, 10-15 ನಿಮಿಷ. ಹಾಲು, ವಿನೆಗರ್, ಟೂತ್‌ಪೇಸ್ಟ್ ಇವೆಲ್ಲ ಕೇಳಿದ ಮಾತು, ನಂಬಬೇಡಿ. ಶೆಲ್ ಕೆಂಡದಷ್ಟು ಕಾದಿರುತ್ತೆ, ಕೈ ಹಾಕಬೇಡಿ. ಮನೆಗೆ ಬಂದು ತಣ್ಣೀರಲ್ಲಿ ಸ್ನಾನ, ತಲೆ ಮುಂದಕ್ಕೆ ಬಗ್ಗಿಸಿ. ಬಟ್ಟೆ ಬೇರೆಯಾಗಿ ಒಗೆಯಿರಿ. ಒಳ್ಳೆ ಗಾಳಿಗೆ ಬಂದು ಅರ್ಧ ಗಂಟೆಯಾದರೂ ಉಬ್ಬಸ ಇಳಿಯದಿದ್ದರೆ ವೈದ್ಯರ ಹತ್ತಿರ ಹೋಗಿ.

*

ಫೋನಿನ ವಿಷಯ ಯಾರೂ ಹೇಳಿಲ್ಲ. ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತೆ. ಕರೆ, ವಾಟ್ಸಾಪ್ ಹೋಗದಿದ್ದಾಗಲೂ ಎಷ್ಟೋ ಸಲ ಎಸ್ಸೆಮ್ಮೆಸ್ ಹೋಗುತ್ತೆ. ನಕ್ಷೆ ಹಿಂದಿನ ದಿನವೇ ಇಳಿಸಿಕೊಳ್ಳಿ. ಬೆರಳಚ್ಚು, ಮುಖ ತೋರಿಸಿ ತೆರೆಯುವುದನ್ನು ಆಫ್ ಮಾಡಿ, 6 ಅಂಕಿಯ ಪಿನ್ ಇಡಿ. ಮನೆಯವರದೊಂದು, ವಕೀಲರು ಗೊತ್ತಿದ್ದರೆ ಅವರದೊಂದು ನಂಬರನ್ನು ಮಾರ್ಕರ್ ಪೆನ್ನಿಂದ ಮುಂದೋಳಿನ ಮೇಲೆ ಬರೆದುಕೊಳ್ಳಿ. ಫೋಟೊ ಹಾಕುವಾಗ ಬೇರೆಯವರ ಮುಖ ಮಸುಕು ಮಾಡಿ, ಅದೂ ಮನೆಗೆ ಬಂದಮೇಲೆ.

ಗುಂಪಿನಲ್ಲಿ ಇಬ್ಬರೂ ಬೇರೆಯಾದರೆ ಮತ್ತೆ ಸೇರಲು ಎರಡು ಜಾಗ ಗೊತ್ತುಮಾಡಿ: ಒಂದು ಹತ್ತಿರ, ಇನ್ನೊಂದು ಗುಂಪಿನಿಂದ ಪೂರ್ತಿ ಹೊರಗೆ. ಮೈದಾನದ ದೊಡ್ಡ ಗೇಟು ಬೇಡ, ಎಲ್ಲರೂ ಅದನ್ನೇ ಹೇಳಿರ್ತಾರೆ.

*

ಎಲ್ಲರಿಗೂ ಧನ್ಯವಾದ. ಇನ್ನೊಂದು: ಗೆಳತಿ ಕುಳ್ಳಿ, ವೇದಿಕೆ ಹತ್ತಿರ ಹೋಗೋಣ ಅಂತಾಳೆ.

*

ಕುಳ್ಳಗಿರುವವರಿಗೆ ಅದೇ ಎಲ್ಲಕ್ಕಿಂತ ಕೆಟ್ಟ ಜಾಗ. ಅವರ ಮೂಗು ಉಳಿದವರ ಎದೆಯ ಮಟ್ಟಕ್ಕಿರುತ್ತೆ, ಇಕ್ಕಟ್ಟಿನಲ್ಲಿ ಗಾಳಿಯೇ ಸಿಗಲ್ಲ. ಪಕ್ಕದ ಅಂಚಿನಲ್ಲಿ, ಅಡ್ಡರಸ್ತೆಗೆ ದಾರಿಯಿರುವ ಕಡೆ ನಿಲ್ಲಿ. ಮೈಕ್ ಇದೆ, ಭಾಷಣ ಕೇಳಿಸುತ್ತೆ. ಚದುರಿ ಅಂತ ಪೊಲೀಸರು ಘೋಷಿಸಿದರೆ ಮೊದಲನೆಯದಕ್ಕೇ ಹೊರಡಿ, ಎರಡನೆಯದಕ್ಕೆ ಕಾಯಬೇಡಿ. ಓಡಬೇಡಿ, ಒಬ್ಬರು ಓಡಿದರೆ ನೂರು ಜನ ಓಡ್ತಾರೆ. ಎಲ್ಲ ಸರಿಯಾಗೇ ನಡೆದರೂ ಮುಕ್ತಾಯಕ್ಕೆ ಕಾಲು ಗಂಟೆ ಮುಂಚೆ ಹೊರಬನ್ನಿ, ಇಲ್ಲವೇ ಗೇಟು ಖಾಲಿಯಾಗುವ ತನಕ ಒಳಗೇ ಕೂತಿರಿ.